ನಿಮ್ಮನ್ನು ನೀವು ಬೈದುಕೊಳ್ಳುವ ಮೊದಲು ಸುತ್ತಮುತ್ತ ನೋಡಿ

ಓದಬೇಕು, ಹೊಸದೇನಾದರೂ ಕಲಿಯಬೇಕು ಅಂದುಕೊಂಡಿದ್ದು ಆಗದಿದ್ದರೆ ನಾವು ಮೊದಲು ಬೈಯುವುದು ನಮ್ಮ ಸೋಮಾರಿತನವನ್ನು. ಕೂತ ಜಾಗ ಹೇಗಿದೆ, ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡುವುದೇ ಇಲ್ಲ.

ಜಾಗದಿಂದಲೇ ಶುರು ಮಾಡಿ. ಕೂತಲ್ಲಿಂದ ಕೈ ಚಾಚಿದರೆ ಏನೇನು ಸಿಗುತ್ತದೆ? ಫೋನು, ಚಾರ್ಜರು, ಟಿವಿ ರಿಮೋಟು. ಓದಬೇಕಾದ ಪುಸ್ತಕ ಮಾತ್ರ ಬ್ಯಾಗಿನೊಳಗೆ, ಜಿಪ್ ಹಾಕಿದ ಹಾಗೇ ಇರುತ್ತದೆ ಅಲ್ವಾ? ಇದನ್ನು ಉಲ್ಟಾ ಮಾಡಿ. ರಾತ್ರಿಯೇ ಪುಸ್ತಕವನ್ನು ಬೇಕಾದ ಪುಟಕ್ಕೆ ತೆರೆದು, ಮೇಲೊಂದು ಪೆನ್ನಿಟ್ಟು ಮಲಗಿ. ಫೋನು ಪಕ್ಕದ ಕೋಣೆಗೆ ಹೋಗಲಿ, ಸುಮ್ನೆ ಮಗುಚಿಟ್ಟರೆ ಸಾಲದು. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸದ್ದು ಮಾಡದ ಫೋನು ಮೇಜಿನ ಮೇಲಿದ್ದವರಿಗಿಂತ ಬೇರೆ ಕೋಣೆಯಲ್ಲಿ ಬಿಟ್ಟು ಬಂದವರು ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲ ಕಡೆ ಅದೇ ಫಲಿತಾಂಶ ಬರಲಿಲ್ಲ, ಅದು ಬೇರೆ ವಿಷಯ. ಆದರೆ ಎದ್ದು ಹೋಗಿ ತರಬೇಕು ಅಂದರೆ ಅರ್ಧ ಆಸೆ ಅಲ್ಲೇ ಇಳಿಯುತ್ತದೆ.

ಇನ್ನು ಜನ. ಹಳೇ ಗೆಳೆಯರನ್ನು ಬಿಟ್ಟುಬಿಡಿ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ, ಬಿಡುವ ಅಗತ್ಯವೂ ಇಲ್ಲ. ಯಾರಿಂದ ಕಲಿಯಬೇಕೋ ಅವರ ಹತ್ತಿರ ಕೂರಿ, ಅಷ್ಟೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಥಾಮಸ್ ಅಲೆನ್ 1970ರ ದಶಕದಲ್ಲಿ ಎಂಜಿನಿಯರುಗಳನ್ನು ಗಮನಿಸಿ ಕಂಡುಕೊಂಡಿದ್ದು ಇದನ್ನೇ: ಇಬ್ಬರ ಮೇಜುಗಳ ನಡುವೆ ದೂರ ಹೆಚ್ಚಿದಂತೆ ಮಾತುಕತೆ ಸರ್ರನೆ ಇಳಿಯುತ್ತದೆ, ಸುಮಾರು 50 ಮೀಟರ್ ದಾಟಿದರೆ ಇಲ್ಲವೇ ಇಲ್ಲ ಅನ್ನುವಷ್ಟು. ಸೀಟು ಬದಲಿಸಲು ಆಗದಿದ್ದರೆ ವಾರಕ್ಕೊಂದು ಹೊತ್ತು ಗೊತ್ತು ಮಾಡಿಕೊಂಡು ನೀವೇ ಹೋಗಿ ಮಾತಾಡಿಸಿ.

ಬೇರೆಯವರ ಜೊತೆ ಹೋಲಿಸಿಕೊಳ್ಳುವಾಗ ಅವರಿಗೆ ಏನೇನು ಸಿಕ್ಕಿತ್ತು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೆನಡಾದ ಮಕ್ಕಳ ಐಸ್ ಹಾಕಿಯಲ್ಲಿ ವಯಸ್ಸಿನ ಲೆಕ್ಕ ಜನವರಿ 1ರಿಂದ, ಅಂದರೆ ಜನವರಿಯಲ್ಲಿ ಹುಟ್ಟಿದವರೂ ಅದೇ ವರ್ಷ ಡಿಸೆಂಬರಿನಲ್ಲಿ ಹುಟ್ಟಿದವರೂ ಒಂದೇ ಗುಂಪು. ದೊಡ್ಡ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಅಂತ 1985ರಲ್ಲೇ ಗೊತ್ತಾಯಿತು. ಕೆಲವು ತಿಂಗಳು ದೊಡ್ಡ ಮಗು ಮೈಕಟ್ಟಿನಲ್ಲೂ ಮುಂದಿರುತ್ತದೆ, ಬೇಗ ಆಯ್ಕೆಯಾಗುತ್ತದೆ, ಆಯ್ಕೆಯಾದ ಮೇಲೆ ತರಬೇತಿಯೂ ಜಾಸ್ತಿ ಸಿಗುತ್ತದೆ. ಅದರಲ್ಲಿ ಡಿಸೆಂಬರ್ ಮಗುವಿನ ತಪ್ಪೇನಿದೆ?

ಸಾಲ, ಮನೆಯ ಗಲಾಟೆ, ಎರಡೆರಡು ಕೆಲಸ, ಇವೆಲ್ಲ ನಾಳೆಗೇ ಬದಲಾಗುವಂಥವಲ್ಲ. ಇವುಗಳ ನಡುವೆ ದಿನಕ್ಕೆ ಮೂರು ಗಂಟೆ ಓದುತ್ತೇನೆ ಅಂತ ಹೊರಟರೆ ವಾರದೊಳಗೆ ಕೈಚೆಲ್ಲುತ್ತೀರಿ. ನಲವತ್ತು ನಿಮಿಷ ಇಟ್ಟುಕೊಳ್ಳಿ, ಸಾಧ್ಯವಾದರೆ ಲೈಬ್ರರಿಯಲ್ಲಿ. ಮನೆಯಲ್ಲೇ ಆದರೆ ಆ ಹೊತ್ತು ಯಾವುದು ಅಂತ ಎಲ್ಲರಿಗೂ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಕರೆಯುತ್ತಲೇ ಇರುತ್ತಾರೆ.