ಕೌದಿಗೆ ಯಾವ ಮಷಿನ್, ಕಸೂತಿಗೆ ಯಾವುದು?

ಹೊಲಿಗೆ ಮಷಿನ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಹೇಳುವುದು ಅದರಲ್ಲಿ ಎಷ್ಟು ಬಗೆಯ ಹೊಲಿಗೆ ಬರುತ್ತದೆ ಎಂದು. ಕೌದಿಗೆ ಬೇಕಾಗುವುದು ನೇರ ಹೊಲಿಗೆ, ಹೆಚ್ಚೆಂದರೆ ಜಿಗ್‌ಜಾಗ್. ಆ ಪಟ್ಟಿ ಬದಿಗಿಟ್ಟು ಟೇಪು ತೆಗೆಯಿರಿ.

ಮೊದಲು, ಸೂಜಿಯಿಂದ ಬಲಗಡೆಯ ಕಂಬದವರೆಗಿನ ಜಾಗ ಅಳೆಯಿರಿ. ಮನೆಬಳಕೆಯ ಮಷಿನ್‌ಗಳಲ್ಲಿ ಸುಮಾರು 6–7 ಇಂಚು ಇರುತ್ತದೆ, ಕ್ವಿಲ್ಟಿಂಗ್‌ಗೆಂದೇ ಮಾಡಿದ ದೊಡ್ಡವುಗಳಲ್ಲಿ 9ರಿಂದ 11. ಡಬಲ್ ಕಾಟ್ ಕೌದಿಯ ನಡುಭಾಗ ಹೊಲಿಯುವಾಗ ಅರ್ಧ ಕೌದಿಯನ್ನು ಸುರುಳಿ ಸುತ್ತಿ ಈ ಸಂದಿಯಲ್ಲೇ ತೂರಿಸಬೇಕು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಒಳಕ್ಕೆ ಸುತ್ತುತ್ತಾ ಪೂರ್ತಿ ಕೈಯಲ್ಲೇ ಹೊಲಿಯುತ್ತಾರೆ. ಅವರಿಗೆ ಈ ತಾಪತ್ರಯವಿಲ್ಲ. ಮಗುವಿನ ಕೌದಿಯಷ್ಟೇ ಸಾಕೆಂದರೆ 6 ಇಂಚೇ ಧಾರಾಳ.

ಎರಡನೆಯದು ಹಲ್ಲು. ಸೂಜಿಯ ಅಡಿಯ ಹಲ್ಲುಗಳು ಕೆಳಪದರವನ್ನು ಎಳೆದುಕೊಂಡು ಹೋಗುತ್ತವೆ, ಮೇಲಿನದು ಹಿಂದುಳಿದು ನೆರಿಗೆ ಬೀಳುತ್ತದೆ. ಬಟ್ಟೆ ಒತ್ತಿಹಿಡಿಯುವ ಪಾದದ ಬದಲು ವಾಕಿಂಗ್ ಫೂಟ್ ಎಂಬ ಪಾದ ಹಾಕಿದರೆ ಮೇಲಿನ ಪದರವೂ ಜೊತೆಗೇ ಸಾಗುತ್ತದೆ. ನಿಮ್ಮ ಮಷಿನ್‌ಗೆ ಕೂರುವಂಥದ್ದು ಸಿಗುತ್ತದೆಯೇ ಎಂದು ಅಲ್ಲೇ ಕೇಳಿ. ಬಳ್ಳಿ, ಸುತ್ತು ಹೊಲಿಯುವ ಆಸೆಯಿದ್ದರೆ ಹಲ್ಲು ಕೆಳಗಿಳಿಸಲು ಬರಬೇಕು. ಆಗ ಬಟ್ಟೆ ನಿಮ್ಮ ಕೈ ಹೋದತ್ತ ಹೋಗುತ್ತದೆ.

ಇನ್ನು ಹೊಲಿದು ನೋಡುವುದು. ಅಂಗಡಿಯ ತುಂಡುಬಟ್ಟೆಯ ಮೇಲೆ ಯಾವ ಮಷಿನ್ ಆದರೂ ಚೆನ್ನಾಗಿಯೇ ಓಡುತ್ತದೆ. ಹಳೆಯ ಹತ್ತಿ ಸೀರೆಯನ್ನು ನಾಲ್ಕಾರು ಪದರ ಮಡಿಸಿ, ಅಂಚು ಕೂಡಿದ ದಪ್ಪ ಜಾಗವೂ ಇರುವಂತೆ ಒಯ್ಯಿರಿ. 16ನೇ ನಂಬರ್ ಸೂಜಿ ಹಾಕಿಸಿ, ನಿಧಾನವಾಗಿ ಓಡಿಸಿ. ದಪ್ಪಕ್ಕೆ ಬಂದಾಗ ಮೋಟರ್ ಗುಂಯ್‌ಗುಟ್ಟಿ ನಿಂತರೆ ಆ ಮಷಿನ್ ಬೇಡ. ದಾಟಿತೋ, ಬಟ್ಟೆ ತಿರುವಿ ನೋಡಿ. ಹಿಂದೆ ದಾರ ಕುಣಿಕೆ ಕುಣಿಕೆಯಾಗಿ ಜೋತುಬಿದ್ದಿದ್ದರೆ ಮೇಲಿನ ದಾರ ತೆಗೆದು ಹೊಸದಾಗಿ ಪೋಣಿಸಿ. ತಪ್ಪು ಬಹಳ ಸಲ ಅಲ್ಲೇ ಇರುತ್ತದೆ. ಅಂದಹಾಗೆ, ಅಟ್ಟದ ಮೇಲೆ ಅಜ್ಜಿಯ ಕಪ್ಪು ಕಾಲ್ತುಳಿ ಮಷಿನ್ ಇದ್ದರೆ ಗುಜರಿಗೆ ಹಾಕಬೇಡಿ, ಎಣ್ಣೆ ಬಿಟ್ಟು ಇದೇ ಪರೀಕ್ಷೆ ಅದಕ್ಕೂ ಮಾಡಿ.

ಕಸೂತಿಯ ಲೆಕ್ಕವೇ ಬೇರೆ. ಧಾರವಾಡದ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಎಳೆ ಎಣಿಸಿ ಕೈಯಲ್ಲಿ ಹಾಕುವಂಥವು. ಮಷಿನ್‌ನಲ್ಲಿ ಬರುವುದು ಅದರ ನಕಲಷ್ಟೇ. ಬ್ಲೌಸಿನ ಎಂಬ್ರಾಯ್ಡರಿಗಾಗಿ ಕಂಪ್ಯೂಟರ್ ಮಷಿನ್ ಬೇಕೆಂದರೆ ಹೂಪಿನ, ಅಂದರೆ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಚೌಕಟ್ಟಿನ, ಅಳತೆ ಕೇಳಿ. ಚಿಕ್ಕವುಗಳಲ್ಲಿ ಸಾಮಾನ್ಯವಾಗಿ 4×4 ಇಂಚು. ತೋಳಿನ ಬುಟ್ಟಾಕ್ಕೆ ಸಾಕು, ಬೆನ್ನಿನ ದೊಡ್ಡ ಡಿಸೈನಿಗೆ ಮತ್ತೆ ಮತ್ತೆ ಹೂಪ್ ಬಿಚ್ಚಿ ಕೂರಿಸಬೇಕು. ಡಿಸೈನ್ ಫೈಲೂ ಕಂಪನಿಗೊಂದು ಥರ: ಬ್ರದರ್‌ಗೆ ಪಿಇಎಸ್, ಜನೋಮೆಗೆ ಜೆಇಎಫ್. ಎಂಬ್ರಾಯ್ಡರಿ ಮಾತ್ರ ಮಾಡುವ ಮಷಿನ್‌ಗಳಲ್ಲಿ ಕೌದಿ ಹೊಲಿಯಲು ಬರುವುದಿಲ್ಲ, ಎರಡೂ ಆಗುವವುಗಳ ಬೆಲೆ ಹೆಚ್ಚು. ಕೈಯಲ್ಲಿ ಕಾಸು ಕಡಿಮೆಯಿದ್ದರೆ ಗಟ್ಟಿಮುಟ್ಟಾದ ನೇರ ಹೊಲಿಗೆಯ ಮಷಿನ್ ಕೊಂಡು, ಕಸೂತಿಯನ್ನು ಕೈಯಲ್ಲೇ ಹಾಕಿ ಎಂದೇ ಹೇಳುತ್ತೇನೆ.

ಬಿಲ್ ಹಾಕಿಸುವ ಮೊದಲು, ನಿಮ್ಮೂರಿನಲ್ಲಿ ಆ ಮಷಿನ್ ರಿಪೇರಿ ಮಾಡುವವರು ಯಾರು, ಬಾಬಿನ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿಕೊಳ್ಳಿ.