ತಲೆಗೆ ಪೆಟ್ಟು ಬಿದ್ದವರಿಗೆ ನಾನು ಗೇಮ್ ಆಡಿಸುವ ಬಗೆ

ನಾನು ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ಪೆಟ್ಟು, ಕಾಯಿಲೆ ಆದವರನ್ನು ದಿನನಿತ್ಯದ ಕೆಲಸಗಳಿಗೆ ಮತ್ತೆ ಪಳಗಿಸುವವಳು. ನನ್ನ ಹತ್ತಿರ ಬರುವವರಲ್ಲಿ ಬೈಕಿನಿಂದ ಬಿದ್ದವರೇ ಜಾಸ್ತಿ. ಸಿಟಿ ಸ್ಕ್ಯಾನ್ ನಾರ್ಮಲ್, ಎಚ್ಚರ ಎಷ್ಟಿದೆ ಅಂತ ಅಳೆಯುವ ಗ್ಲ್ಯಾಸ್ಗೋ ಕೋಮಾ ಸ್ಕೇಲಿನಲ್ಲಿ 13ರಿಂದ 15. ಡಾಕ್ಟರ ಲೆಕ್ಕದಲ್ಲಿ ಇದು ಸಣ್ಣ ಪೆಟ್ಟು. ಆದರೆ ಚಿಲ್ಲರೆ ಎಣಿಸುವಾಗ ಲೆಕ್ಕ ತಪ್ಪುತ್ತದೆ, ಇಬ್ಬರು ಒಟ್ಟಿಗೆ ಮಾತಾಡಿದರೆ ತಲೆ ಚಿಟ್ಟು ಹಿಡಿಯುತ್ತದೆ. ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ತಾನಾಗೇ ಸರಿಹೋಗುತ್ತದೆ. ಹೋಗದೆ ಉಳಿದವರಿಗೆ ನಾನು ಗೇಮ್ ಕೊಡುತ್ತೇನೆ.

ಪೆಟ್ಟು ಬಿದ್ದ ಮೊದಲ 48 ಗಂಟೆ ಮೊಬೈಲ್ ದೂರ ಇಡಿಸುತ್ತೇನೆ. ಆಮೇಲೂ ಸ್ಕ್ರೀನಿನ ಬೆಳಕು ಕಡಿಮೆ, ಸೌಂಡ್ ಬಂದ್. ಆಟಕ್ಕೆ ಮುಂಚೆ ತಲೆನೋವು ಹತ್ತಕ್ಕೆ ಎಷ್ಟು ಅಂತ ಕೇಳುತ್ತೇನೆ. ಆಡುವಾಗ ಅದು ಮೊದಲು ಹೇಳಿದ್ದಕ್ಕಿಂತ ಎರಡು ಅಂಕಕ್ಕೂ ಜಾಸ್ತಿ ಏರಿದರೆ ಆ ದಿನಕ್ಕೆ ಅಲ್ಲಿಗೆ ಮುಗಿಯಿತು. ‘ಇನ್ನೊಂದೇ ಲೆವೆಲ್ ಮೇಡಂ’ ಅಂದರೂ ಬಿಡುವುದಿಲ್ಲ.

ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಮೊದಲಿಗೇ ಬೇಡ. ತುಂಡುಗಳು ಬೀಳುವ ವೇಗ ಏರುತ್ತಲೇ ಹೋಗುತ್ತದೆ. ಇವರಿಗೆ ಕೈಕೊಟ್ಟಿರುವುದೇ ವೇಗ, ಅಲ್ವಾ? ಗಡಿಯಾರ ಇಲ್ಲದ ಜೋಡಿ ಕಾರ್ಡಿನ ಆಟದಿಂದ ಶುರು ಮಾಡುತ್ತೇನೆ. ತಲೆಸುತ್ತು ಇದ್ದರೆ ಕ್ಯಾಮೆರಾ ಗಿರಗಿರ ತಿರುಗುವ ಗೇಮ್‌ಗಳನ್ನು ಮುಟ್ಟಿಸುವುದೇ ಇಲ್ಲ.

ಕಿರಾಣಿ ಅಂಗಡಿಯವರೊಬ್ಬರಿಗೆ ಹೋಟೆಲ್ ಗೇಮ್ ಕೊಟ್ಟಿದ್ದೆ. ಗಿರಾಕಿಗಳು ಬಂದು ಆರ್ಡರ್ ಕೊಡುತ್ತಾರೆ, ನೆನಪಿಟ್ಟು ಬಡಿಸಬೇಕು. ಪಕ್ಕದಲ್ಲಿ ಕೂತು ಅವರ ಕಣ್ಣನ್ನೇ ನೋಡುತ್ತಿದ್ದೆ. ಹೊಸಬರು ಬಂದ ಕೂಡಲೇ ಕಣ್ಣು ಅಲ್ಲಿಗೆ ಓಡುತ್ತಿತ್ತು, ಕೈಯಲ್ಲಿದ್ದ ಆರ್ಡರ್ ಅರ್ಧಕ್ಕೇ ನಿಲ್ಲುತ್ತಿತ್ತು. ಅಂದರೆ ನೆನಪಿಗಿಂತ ಗಮನ ಬದಲಿಸುವಲ್ಲೇ ತೊಡಕು. ತಿರುಗುವ ಮುಂಚೆ ಬಾಯಿಬಿಟ್ಟು ಹೇಳಿ ಅಂದೆ: ‘ಬರ್ಗರ್ ಆಯ್ತು, ಜ್ಯೂಸ್ ಬಾಕಿ.’ ಸ್ಕೋರ್ ಏರತೊಡಗಿತು.

‘ಗೇಮಲ್ಲಿ ಮೇಲೆ ಹೋದೆ ಮೇಡಂ, ಅಂಗಡೀಲಿ ಮಾತ್ರ ಅದೇ ಗೋಳು’ ಅಂದರು.

ಅದು ಸಹಜವೇ. ಗೇಮ್ ಆಡುವವರು ಆ ಗೇಮಿನಲ್ಲಿ ಪಳಗುತ್ತಾರೆ. ಬದುಕಿಗೆ ಅದು ಸುಮ್ನೆ ಇಳಿದು ಬರುವುದಿಲ್ಲ. ಲುಮೋಸಿಟಿ ಎಂಬ ಮಿದುಳಿನ ಆಟಗಳ ಆ್ಯಪ್ ಜಾಹೀರಾತಿನಲ್ಲಿ ಇಲ್ಲದ್ದನ್ನೆಲ್ಲ ಹೇಳಿಕೊಂಡಿದೆ ಎಂಬ ಆರೋಪದ ಮೇಲೆ ಅಮೆರಿಕದಲ್ಲಿ ಅದರ ಕಂಪನಿ 2016ರಲ್ಲಿ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು.

ಹಾಗಾಗಿ ಗೇಮ್ ಮುಚ್ಚಿದ ತಕ್ಷಣ ಚೀಟಿ ಕೊಟ್ಟೆ. ಅರ್ಧ ಕೆಜಿ ತೊಗರಿಬೇಳೆ, ಕಾಲು ಕೆಜಿ ಬೆಲ್ಲ, ಎರಡು ಸೋಪು. ಅವರು ತೂಗುವಾಗ ನಡುವೆ ಫೋನ್ ಮಾಡಿಸಿದೆ. ಫೋನ್ ಎತ್ತುವ ಮುಂಚೆ ಅದೇ ಮಾತು: ‘ಬೇಳೆ ಆಯ್ತು, ಬೆಲ್ಲ ಬಾಕಿ.’ ದಿನ ಕಳೆದಂತೆ ಗೇಮಿನ ಹೊತ್ತು ಇಳಿಸಿದೆ, ಚೀಟಿಯ ಹೊತ್ತು ಏರಿಸಿದೆ. ಅಂಗಡಿಯಲ್ಲಿ ಎಷ್ಟು ಸಲ ಸಾಮಾನು ಬಿಟ್ಟುಹೋಯಿತು ಅಂತ ಹೆಂಡತಿ ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತಿದ್ದರು. ನನಗೆ ಬೇಕಾಗಿದ್ದ ಸ್ಕೋರ್ ಅದೇ.

ಈಗ ಬೆಳಿಗ್ಗೆ ಹೊತ್ತು ಅವರೊಬ್ಬರೇ ಅಂಗಡಿ ನೋಡಿಕೊಳ್ಳುತ್ತಾರೆ. ಸಂಜೆ ರಶ್ ಇರುವಾಗ ಹೆಂಡತಿಯೂ ಗಲ್ಲಾದಲ್ಲಿ ಕೂರುತ್ತಾರೆ.