ಎರಡು ಸಾಲಿನ ಬದಲಾವಣೆಗೆ ಹನ್ನೊಂದು ದಿನ

ರಸೀದಿಯ ಕೆಳಗೆ ಬರುವ ಒಂದು ವಾಕ್ಯ ತಪ್ಪಾಗಿತ್ತು. ‘ಹಣ ವಾಪಸ್ ಬರಲು 7 ದಿನ’ ಅಂತ ಇದ್ದದ್ದನ್ನು ‘5 ದಿನ’ ಮಾಡಬೇಕಿತ್ತು. ಕೋಡಿನಲ್ಲಿ ಎರಡು ಸಾಲು, ಅಷ್ಟೇ. ನಮ್ಮ ತಂಡದ ಹುಡುಗ ಸೋಮವಾರ ಬೆಳಿಗ್ಗೆ ಕಾಫಿ ಆರುವ ಮೊದಲೇ ಅದನ್ನು ಬರೆದು ಮುಗಿಸಿದ. ಗ್ರಾಹಕರಿಗೆ ಅದು ಕಂಡದ್ದು ಮುಂದಿನ ವಾರದ ಗುರುವಾರ. ಎರಡೂ ದಿನ ಸೇರಿಸಿ ಎಣಿಸಿದರೆ ಹನ್ನೊಂದು.

ಆಗ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಎಂಟು ಜನರ ತಂಡ ನಡೆಸುತ್ತಿದ್ದೆ. ‘ನಿಮ್ಮ ತಂಡ ಯಾಕೆ ಇಷ್ಟು ನಿಧಾನ?’ ಅಂತ ಮೇಲಿನವರು ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: ಇನ್ನಿಬ್ಬರನ್ನು ಕೊಡಿ. ತಡವಾಗಿರುವ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಸಾಫ್ಟ್‌ವೇರ್ ಎಂಜಿನಿಯರ್ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿಟ್ಟಿದ್ದಾರೆ. ಅದನ್ನು ಓದಿಯೂ ಕೇಳುತ್ತಿದ್ದೆ. ಜನ ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು.

ಆ ಎರಡು ಸಾಲು ಹನ್ನೊಂದು ದಿನ ಎಲ್ಲೆಲ್ಲಿ ಕೂತಿತ್ತು ಅಂತ ಒಂದು ಸಂಜೆ ಕಾಗದದ ಮೇಲೆ ಬರೆದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ, ಒಂದೊಂದು ಕೆಲಸಕ್ಕೂ ತೆರೆಯುವ ಟಿಕೆಟ್‌ನಲ್ಲಿ ಎಲ್ಲ ಸಮಯವೂ ದಾಖಲಾಗಿರುತ್ತದೆ, ಹುಡುಕುವುದು ಕಷ್ಟವಲ್ಲ. ಸೋಮವಾರದಿಂದ ಗುರುವಾರ ಸಂಜೆವರೆಗೆ ರಿವ್ಯೂಗೆ, ಅಂದರೆ ಇನ್ನೊಬ್ಬರು ಓದಿ ಒಪ್ಪುವುದಕ್ಕೆ, ಕಾದಿತ್ತು. ಗುರುವಾರ ರಾತ್ರಿ ಟೆಸ್ಟ್ ಫೇಲ್ ಆಗಿ, ಶುಕ್ರವಾರ ಬೆಳಿಗ್ಗೆ ಮತ್ತೆ ಓಡಿಸಿದಾಗ ಪಾಸಾಯಿತು. ಆಮೇಲೆ ಟೆಸ್ಟಿಂಗ್ ಸರ್ವರ್ ಖಾಲಿ ಇರಲಿಲ್ಲ, ಮಂಗಳವಾರದವರೆಗೆ ಬೇರೆ ತಂಡದವರು ಹಿಡಿದಿದ್ದರು. ಬುಧವಾರ ಟೆಸ್ಟರ್ ಹತ್ತು ನಿಮಿಷ ನೋಡಿ ಸರಿ ಅಂದರು. ಗುರುವಾರ ರಿಲೀಸ್. ಎಲ್ಲ ಕೂಡಿಸಿದರೂ ಮನುಷ್ಯರು ಕೈಯಾಡಿಸಿದ ಸಮಯ ಒಂದು ಗಂಟೆ ದಾಟಲಿಲ್ಲ.

ಚಿಕ್ಕವನಿದ್ದಾಗ ಅಮ್ಮ ರಾಗಿ ಡಬ್ಬ ಕೊಟ್ಟು ಗಿರಣಿಗೆ ಕಳಿಸುತ್ತಿದ್ದರು. ಬೀಸುವುದಕ್ಕೆ ಐದು ನಿಮಿಷ. ಡಬ್ಬ ಸಾಲಿನಲ್ಲಿ ಕೂರುವುದು ಅರ್ಧ ದಿನ. ನಾವು ಇಷ್ಟು ವರ್ಷ ಬೀಸುವವನನ್ನು ಬೇಗ ಬೇಗ ಅಂತ ಬೈಯುತ್ತಿದ್ದೆವು, ಸಾಲಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಮೊದಲು ರಿವ್ಯೂ. ಇಲ್ಲಿ ತಪ್ಪು ನನ್ನದೇ. ಯಾವ ಪಿಆರ್ (ಪುಲ್ ರಿಕ್ವೆಸ್ಟ್, ಒಪ್ಪಿಗೆಗೆ ಕಳಿಸುವ ಕೋಡ್ ಬದಲಾವಣೆ) ಆದರೂ ನನ್ನ ಅಪ್ರೂವಲ್ ಇಲ್ಲದೆ ಮುಖ್ಯ ಕೋಡಿಗೆ ಮರ್ಜ್ ಆಗಬಾರದು ಅಂತ ನಿಯಮ ಹಾಕಿದ್ದವನು ನಾನು. ನಾನೋ, ಬೆಳಿಗ್ಗೆಯಿಂದ ಸಂಜೆವರೆಗೆ ಮೀಟಿಂಗ್‌ನಲ್ಲಿ. ಗುಣಮಟ್ಟ ಕಾಪಾಡ್ತಿದ್ದೀನಿ ಅಂದುಕೊಂಡಿದ್ದೆ, ನಿಜಕ್ಕೂ ಬಾಗಿಲಿಗೆ ಅಡ್ಡ ನಿಂತಿದ್ದೆ. ಆ ನಿಯಮ ತೆಗೆದೆವು. ತಂಡದ ಯಾರು ಬೇಕಾದರೂ ರಿವ್ಯೂ ಮಾಡಬಹುದು. ಬೆಳಿಗ್ಗೆ ಬಂದವರು ಹೊಸ ಕೋಡಿಗೆ ಕೈ ಹಾಕುವ ಮುಂಚೆ ಬಾಕಿ ಇರುವ ಪಿಆರ್ ನೋಡಬೇಕು, ಊಟ ಆದ ಮೇಲೆ ಇನ್ನೊಂದು ಸುತ್ತು. ಪಿಆರ್ ಕೂಡ ಸಣ್ಣದಿರಬೇಕು. 50 ಸಾಲು ಕೊಟ್ಟರೆ ಹತ್ತು ತಪ್ಪು ಹುಡುಕುತ್ತಾರೆ, 500 ಸಾಲು ಕೊಟ್ಟರೆ ‘ಚೆನ್ನಾಗಿದೆ’ ಅಂದು ಬಿಡುತ್ತಾರೆ ಅಲ್ವಾ.

ಟೆಸ್ಟಿನದ್ದು ಬೇರೆಯೇ ಕಥೆ. ರಾತ್ರಿ ಫೇಲ್, ಬೆಳಿಗ್ಗೆ ಪಾಸ್. ‘ರಾತ್ರಿ ಆ ಸರ್ವರ್ ಹಾಗೇನೇ, ಬೆಳಿಗ್ಗೆ ರೀರನ್ ಮಾಡು’ ಅಂತ ಎಲ್ಲರೂ ಒಗ್ಗಿಹೋಗಿದ್ದರು. ಹೊಸದಾಗಿ ಸೇರಿದ ಹುಡುಗಿ ಮಾತ್ರ ಫೇಲ್ ಆದ ಸಮಯಗಳನ್ನೆಲ್ಲ ಒಂದು ಶೀಟಿನಲ್ಲಿ ಹಾಕಿದಳು. ಎಲ್ಲವೂ ಮಧ್ಯರಾತ್ರಿ 12ರಿಂದ ಬೆಳಗಿನ ಜಾವ 5:30ರ ಒಳಗೆ! ನೋಡಿದ ತಕ್ಷಣ ನನಗೆ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ಟೆಸ್ಟ್‌ಗಳನ್ನು ತಾನಾಗಿಯೇ ಓಡಿಸುವ ಸಿಐ ಸರ್ವರ್ ಓಡುತ್ತಿದ್ದದ್ದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ. ನಮ್ಮ ಕೋಡ್ ಭಾರತದ ತಾರೀಖು ಲೆಕ್ಕ ಹಾಕುತ್ತಿತ್ತು. ಐದೂವರೆ ಗಂಟೆಯ ವ್ಯತ್ಯಾಸ. ಆ ಹೊತ್ತಿನಲ್ಲಿ ಇಲ್ಲಿ ಹೊಸ ದಿನ, ಅಲ್ಲಿ ಇನ್ನೂ ಹಿಂದಿನ ದಿನ. ‘ಇವತ್ತು’ ಅನ್ನುವುದನ್ನು ಹೋಲಿಸುವ ಮೂರು ಟೆಸ್ಟ್ ಬೀಳುತ್ತಿದ್ದವು. ಟೆಸ್ಟಿಗೆ ಒಂದು ನಿಗದಿತ ಸಮಯ ಕೊಟ್ಟು ಸರಿಮಾಡಿದಳು. ಅರ್ಧ ಗಂಟೆಯ ಕೆಲಸ. ಇದಕ್ಕೆ ನಾವು ಎಷ್ಟು ಬೆಳಿಗ್ಗೆಗಳನ್ನು ಕಳೆದಿದ್ದೆವೋ!

ಬಿಲ್ಡ್, ಅಂದರೆ ಕೋಡನ್ನು ಓಡಿಸಲು ಸಿದ್ಧಪಡಿಸುವುದು, ಕೂಡ ನಿಧಾನವಾಗಿತ್ತು. ಅದರ ಹಂತಗಳನ್ನು ಬರೆದಿಡುವ ಡಾಕರ್‌ಫೈಲ್‌ನಲ್ಲಿ ಇಡೀ ಕೋಡ್ ಕಾಪಿ ಮಾಡಿದ ಮೇಲೆ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇನ್‌ಸ್ಟಾಲ್ ಮಾಡುತ್ತಿದ್ದೆವು. ಹಾಗಾಗಿ ಒಂದು ಅಕ್ಷರ ಬದಲಿಸಿದರೂ ಹಿಂದಿನ ಸಲ ಉಳಿಸಿಟ್ಟ ಕ್ಯಾಶ್ ಕೆಲಸಕ್ಕೆ ಬಾರದೆ ಎಲ್ಲ ಲೈಬ್ರರಿ ಮತ್ತೆ ಇಳಿಯುತ್ತಿದ್ದವು. ಲೈಬ್ರರಿಗಳ ಪಟ್ಟಿ ಇರುವ ಫೈಲ್ ಮೊದಲು ಕಾಪಿ, ಆಮೇಲೆ ಇನ್‌ಸ್ಟಾಲ್, ಕೊನೆಗೆ ಕೋಡ್. ಸಾಲುಗಳನ್ನು ಮೇಲೆ ಕೆಳಗೆ ಮಾಡಿದ್ದಷ್ಟೇ.

ಎಲ್ಲಕ್ಕಿಂತ ಜಾಸ್ತಿ ವಿರೋಧ ಬಂದದ್ದು ಕೈಯಲ್ಲಿರುವ ಕೆಲಸ ಕಮ್ಮಿ ಮಾಡೋಣ ಅಂದಾಗ. ಬೋರ್ಡಿನ ಮೇಲೆ ‘ನಡೆಯುತ್ತಿದೆ’ ಅನ್ನುವ ಕಾಲಂನಲ್ಲಿ 24 ಟಿಕೆಟ್ ಇದ್ದವು. ವಾರಕ್ಕೆ ಮುಗಿಯುತ್ತಿದ್ದದ್ದು ಆರು. ಲಿಟಲ್ಸ್ ಲಾ ಅಂತ ಒಂದು ಸರಳ ಲೆಕ್ಕವಿದೆ, ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು. ಸಾಲಿನಲ್ಲಿರುವುದನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಒಂದೊಂದಕ್ಕೂ ಸರಾಸರಿ ಎಷ್ಟು ಹೊತ್ತು ಅಂತ ಸಿಗುತ್ತದೆ. 24 ಭಾಗಿಸು 6, ನಾಲ್ಕು ವಾರ. ಹತ್ತೇ ಟಿಕೆಟ್ ಇಟ್ಟುಕೊಂಡರೆ, ವೇಗ ಇಷ್ಟೇ ಇದ್ದರೂ, ಎರಡು ವಾರವೂ ಬೇಡ. ಲೆಕ್ಕ ಎಲ್ಲರೂ ಒಪ್ಪಿದರು, ಮನಸ್ಸು ಒಪ್ಪಲಿಲ್ಲ. ಮೊದಲ ವಾರ ಒಬ್ಬರು ನನ್ನ ಪಕ್ಕ ಬಂದು ಮೆಲ್ಲಗೆ, ‘ನನ್ನ ಕೆಲಸ ರಿವ್ಯೂನಲ್ಲಿದೆ, ಹೊಸದು ತಗೊಳ್ಳೋ ಹಾಗಿಲ್ಲ. ಸುಮ್ನೆ ಕೂತಿದ್ರೆ ಮ್ಯಾನೇಜರ್ ನೋಡಲ್ವಾ?’ ಅಂದರು. ‘ಕೂರಬೇಡಿ, ಪಕ್ಕದವರದ್ದು ಮುಗಿಸಿಕೊಡಿ’ ಅಂದೆ. ಮ್ಯಾನೇಜರಿಗೆ ಇದನ್ನು ವಿವರಿಸಲು ಎರಡು ಮೀಟಿಂಗ್ ಬೇಕಾಯಿತು.

ಎರಡು ವಾರಕ್ಕೊಮ್ಮೆ ಇದ್ದ ಗುರುವಾರದ ರಿಲೀಸನ್ನು ದಿನಕ್ಕೊಂದು ಮಾಡಲು ಮೂರು ತಿಂಗಳು ಹಿಡಿಯಿತು. ಅರ್ಧ ಮುಗಿದ ಕೆಲಸವನ್ನು ಫೀಚರ್ ಫ್ಲಾಗ್ (ಗ್ರಾಹಕರಿಗೆ ಕಾಣದಂತೆ ಆಫ್ ಮಾಡಿಡುವ ಸ್ವಿಚ್) ಹಿಂದೆ ಬಚ್ಚಿಡುವುದು ಕಲಿತೆವು. ಒಂದು ಸಲ ಚೆನ್ನಾಗಿ ಪೆಟ್ಟೂ ತಿಂದೆವು. ಡೇಟಾಬೇಸ್‌ನಲ್ಲಿ ಒಂದು ಕಾಲಂನ ಹೆಸರು ಬದಲಿಸಿ ನಾನೇ ಕಳಿಸಿದ್ದೆ. ಹೊಸ ಕೋಡ್ ಎಲ್ಲ ಸರ್ವರಿಗೂ ಹೋಗುವಷ್ಟರಲ್ಲಿ ಹಳೆಯ ಕೋಡ್ ಹಳೆಯ ಹೆಸರನ್ನೇ ಹುಡುಕಿ ಮುಗ್ಗರಿಸಿತು. ಈಗ ಮೊದಲು ಹೊಸ ಕಾಲಂ ಸೇರಿಸುತ್ತೇವೆ, ಎರಡಕ್ಕೂ ಬರೆಯುತ್ತೇವೆ, ಹಳೆಯ ಮಾಹಿತಿ ಹೊಸದಕ್ಕೆ ಸಾಗಿಸುತ್ತೇವೆ, ಹಳೆಯದನ್ನು ಯಾರೂ ಮುಟ್ಟುತ್ತಿಲ್ಲ ಅಂತ ಖಚಿತವಾದ ಮೇಲೆ ತೆಗೆಯುತ್ತೇವೆ. ಮತ್ತೆ, ಶುಕ್ರವಾರ ಸಂಜೆ ಮಾತ್ರ ಏನೂ ಕಳಿಸುವುದಿಲ್ಲ. ಇದಕ್ಕೆ ಸಿದ್ಧಾಂತ ಏನಿಲ್ಲ, ಶನಿವಾರ ನೆಮ್ಮದಿಯಾಗಿ ನಿದ್ದೆ ಬೇಕು.

ಅಳತೆಯ ವಿಷಯದಲ್ಲೂ ಒಮ್ಮೆ ಎಡವಿದೆವು. ಎಷ್ಟು ಸಲ ರಿಲೀಸ್, ಕೋಡ್ ಬರೆದು ಗ್ರಾಹಕರಿಗೆ ತಲುಪಲು ಎಷ್ಟು ಸಮಯ, ಎಷ್ಟು ರಿಲೀಸ್ ಕೆಟ್ಟವು, ಕೆಟ್ಟದ್ದು ಎಷ್ಟು ಬೇಗ ಸರಿಹೋಯಿತು, ಡೋರಾ ಅನ್ನುವ ಸಂಶೋಧನಾ ತಂಡದ ಈ ನಾಲ್ಕು ಅಳತೆಗಳು ತಂಡಕ್ಕೆ ಸಾಕು. ಆದರೆ ಯಾರೋ ಅದರ ಪಕ್ಕ ಒಬ್ಬೊಬ್ಬರ ಹೆಸರು ಹಾಕಿ ಪಿಆರ್ ಎಣಿಸುವ ಚಾರ್ಟ್ ಮಾಡಿಬಿಟ್ಟರು. ಎರಡೇ ವಾರದಲ್ಲಿ ಸ್ಪೆಲ್ಲಿಂಗ್ ತಿದ್ದುವ ಪಿಆರ್‌ಗಳ ಮಳೆ. ಹೆಸರಿನ ಕಾಲಂ ತೆಗೆಸಿದೆ, ಮಳೆ ನಿಂತಿತು.

ಈಗ ಕೋಡ್ ಬರೆದುಕೊಡುವ ಎಐ ಬಂದಿದೆ. ಬರೆಯುವುದು ನಿಜಕ್ಕೂ ಬೇಗ ಆಗುತ್ತಿದೆ. ಗಿರಣಿ ಮುಂದೆ ಮತ್ತೆ ಡಬ್ಬಗಳ ಸಾಲು ಬೆಳೆಯುತ್ತಿದೆ, ಯಾಕೆಂದರೆ ಓದಿ ಒಪ್ಪಬೇಕಾದವರು ಅದೇ ಎಂಟು ಜನ. ಕಳೆದ ವಾರ 1,400 ಸಾಲಿನ ಒಂದು ಪಿಆರ್ ಬಂತು. ಮೂರು ಭಾಗ ಮಾಡಿಕೊಂಡು ಬಾ ಅಂತ ವಾಪಸ್ ಕಳಿಸಿದೆ. ಎರಡು ಭಾಗ ಬಂದವು, ಮರ್ಜೂ ಆದವು. ಮೂರನೆಯದು ಎಲ್ಲಪ್ಪ ಅಂತ ಕೇಳಿದರೆ, ಅದು ಬೇಕಾಗಿಯೇ ಇರಲಿಲ್ಲವಂತೆ.